ಅಬ್ರಹಾಂ ಲಿಂಕನ್ ಕಾಗದಪತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ 16ನೇ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಕಾಗದಪತ್ರಗಳ ದೊಡ್ಡ ಸಂಗ್ರಹ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅದರಲ್ಲಿ ಬಹಳಷ್ಟನ್ನು ಈಗ ಮನೆಯಲ್ಲೇ ಕೂತು ಓದಬಹುದು. ರಾತ್ರಿ ಊಟ ಆದ ಮೇಲೆ ಅದನ್ನು ಕೆದಕುತ್ತಾ ಕೂರುವುದು ನನಗೊಂದು ಚಟ. ಗೆಳೆಯರು, ನೆಂಟರು, ಇತಿಹಾಸ ಓದುವ ಹುಡುಗರು ಕೇಳಿದ್ದನ್ನೇ ಕೇಳುತ್ತಿರುತ್ತಾರೆ. ಪ್ರತಿ ಸಲ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಲಿಂಕನ್ ತಮ್ಮ ಮಗನ ಮೇಷ್ಟ್ರಿಗೆ ಬರೆದ ಪತ್ರ ಇದರಲ್ಲಿದೆಯಾ?

ಇಲ್ಲ. ಎಲ್ಲರೂ ಮೊದಲು ಕೇಳುವುದು ಇದನ್ನೇ, ಅದಕ್ಕೇ ಮೊದಲು ಇಟ್ಟೆ. ನಮ್ಮ ಶಾಲೆಯಲ್ಲೂ ಆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಸೆಪ್ಟೆಂಬರ್ 5 ಬಂತೆಂದರೆ ಭಾಷಣದಲ್ಲಿ ಅದು ಇದ್ದೇ ಇರುತ್ತದೆ, ಈಗ ವಾಟ್ಸಾಪ್‌ನಲ್ಲೂ ಬರುತ್ತದೆ. ಆದರೆ ಲೈಬ್ರರಿಯ ಸಂಗ್ರಹದಲ್ಲಿ ಅದಿಲ್ಲ. ಲಿಂಕನ್ ಬರಹಗಳನ್ನು ಒಟ್ಟುಗೂಡಿಸಿ 1953ರಲ್ಲಿ ತಂದ ಸಂಪುಟಗಳಲ್ಲೂ ಇಲ್ಲ. ಲಿಂಕನ್ ಬರೆಯುವ ರೀತಿಯೂ ಅದಲ್ಲ. ಇನ್ನೊಂದು ಮಾತು: ಅವರು ಅಧ್ಯಕ್ಷರಾದಾಗ ದೊಡ್ಡ ಮಗ ರಾಬರ್ಟ್ ಹಾರ್ವರ್ಡ್‌ನಲ್ಲಿ ಓದುತ್ತಿದ್ದರು. ಚಿಕ್ಕವರಾದ ವಿಲ್ಲಿ ಮತ್ತು ಟ್ಯಾಡ್‌ಗೆ ಶ್ವೇತಭವನಕ್ಕೇ ಮೇಷ್ಟ್ರು ಬಂದು ಪಾಠ ಹೇಳುತ್ತಿದ್ದರು.

ಪತ್ರದಲ್ಲಿರುವ ಮಾತು ಚೆನ್ನಾಗಿದೆ, ಮಕ್ಕಳಿಗೆ ಓದಿ ಹೇಳಿ, ತಪ್ಪಿಲ್ಲ. ಕೆಳಗಿರುವ ಹೆಸರನ್ನು ಮಾತ್ರ ತೆಗೆದುಬಿಡಿ.

ಹಾಗಾದರೆ ಇದರಲ್ಲಿ ಏನೇನಿದೆ? ಎಷ್ಟಿದೆ?

ಇಡೀ ಸಂಗ್ರಹದಲ್ಲಿ ಸುಮಾರು 40,000 ದಾಖಲೆಗಳಿವೆ. ಅದರಲ್ಲಿ ಅರ್ಧದಷ್ಟು, ಅಂದರೆ 20,000ಕ್ಕೂ ಜಾಸ್ತಿ, ಆನ್‌ಲೈನ್‌ನಲ್ಲಿವೆ. ಪತ್ರಗಳು, ಭಾಷಣದ ಕರಡುಗಳು, ತಂತಿಗಳು, ಅರ್ಜಿಗಳು, ಪತ್ರಿಕೆಯ ತುಣುಕುಗಳು, ಎಲ್ಲವೂ ಸಿಗುತ್ತವೆ. ಹೆಚ್ಚಿನವು 1850ರ ದಶಕದಿಂದ 1865ರವರೆಗಿನವು. ಲಿಂಕನ್ ಹುಟ್ಟಿದ್ದು 1809ರಲ್ಲಿ, ಆದ್ದರಿಂದ ಬಾಲ್ಯದ, ಯೌವನದ ಕಾಗದ ಹುಡುಕಿಕೊಂಡು ಬಂದವರಿಗೆ ಇಲ್ಲಿ ಅಷ್ಟಾಗಿ ಏನೂ ಸಿಗುವುದಿಲ್ಲ.

ಹೆಸರು ಲಿಂಕನ್ ಕಾಗದಪತ್ರ, ತೆರೆದು ನೋಡಿದರೆ ಬೇರೆಯವರ ಅಕ್ಷರವೇ ಜಾಸ್ತಿ. ಯಾಕೆ?

ಯೋಚಿಸಿ ನೋಡಿ. ನಿಮ್ಮ ಅಜ್ಜನ ಟ್ರಂಕ್ ತೆಗೆದರೆ ಯಾರ ಕಾಗದ ಸಿಗುತ್ತದೆ? ಅಜ್ಜನಿಗೆ ಬಂದವು. ಅಜ್ಜ ಬರೆದವು ಬೇರೆಯವರ ಟ್ರಂಕ್‌ನಲ್ಲಿರುತ್ತವೆ. ಇಲ್ಲೂ ಅಷ್ಟೇ. ಲಿಂಕನ್ ಕಳಿಸಿದ ಪತ್ರ ಅದನ್ನು ಪಡೆದವರ ಮನೆ ಸೇರಿತು. ಕರಡು ಉಳಿದಿದ್ದರೆ ಅಥವಾ ಕಾರ್ಯದರ್ಶಿಗಳು ಒಂದು ಪ್ರತಿ ಬರೆದಿಟ್ಟುಕೊಂಡಿದ್ದರೆ ಮಾತ್ರ ಇಲ್ಲಿ ಸಿಗುತ್ತದೆ.

ಮೊದಲ ಸಲ ನೋಡಿದಾಗ ನನಗೂ ನಿರಾಸೆಯಾಗಿತ್ತು. ಆಮೇಲೆ ಅಭಿಪ್ರಾಯ ಬದಲಾಯಿತು. ಲಿಂಕನ್ ಬರೆದದ್ದು ನೂರಾರು ಪುಸ್ತಕಗಳಲ್ಲಿ ಅಚ್ಚಾಗಿದೆ. ಅವರಿಗೆ ಜನ ಬರೆದದ್ದು ಅಷ್ಟು ಸುಲಭವಾಗಿ ಬೇರೆಲ್ಲೂ ಸಿಗುವುದಿಲ್ಲ. ಪೋಸ್ಟ್‌ಮಾಸ್ಟರ್ ಕೆಲಸ ಕೇಳುವವರು, ಮಗನಿಗೆ ಮರಣದಂಡನೆ ತಪ್ಪಿಸಿ ಎಂದು ಬೇಡುವವರು, ಯುದ್ಧ ಗೆಲ್ಲುವುದು ಹೇಗೆ ಎಂದು ಪಾಠ ಹೇಳುವವರು, ಸುಮ್ನೆ ಬೈಯುವವರು. ಯುದ್ಧ ಅಂದರೆ ಅಮೆರಿಕದ ಅಂತರ್ಯುದ್ಧ: ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳು ದಂಗೆ ಎದ್ದಿದ್ದವು, ಲಿಂಕನ್ ಉತ್ತರದ ಕಡೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ನಾಯಕರಾದ ಫ್ರೆಡರಿಕ್ ಡಗ್ಲಸ್ 1864ರ ಆಗಸ್ಟ್ 29ರಂದು ಬರೆದ ಪತ್ರ ಇಲ್ಲಿದೆ. ದಕ್ಷಿಣದ ಗುಲಾಮರಿಗೆ ಬಿಡುಗಡೆಯ ಸುದ್ದಿ ಮುಟ್ಟಿಸಿ ಅವರನ್ನು ಉತ್ತರದ ಸೇನೆಯ ಗಡಿಯೊಳಗೆ ಕರೆತರುವುದು ಹೇಗೆ ಎಂಬ ಯೋಜನೆ ಅದರಲ್ಲಿದೆ. ಈ ಸಂಗ್ರಹದ ಜೀವ ಇರುವುದು ಇಂಥ ಕಾಗದಗಳಲ್ಲಿ ಅನ್ನುವುದು ನನ್ನ ಅನಿಸಿಕೆ.

ಬಂದ ಪತ್ರಗಳನ್ನೆಲ್ಲ ಲಿಂಕನ್ ಓದುತ್ತಿದ್ದರಾ?

ಎಲ್ಲಿಂದ ಓದುತ್ತಾರೆ! ಐವತ್ತರಲ್ಲಿ ಒಂದನ್ನೂ ಅವರು ಓದುತ್ತಿರಲಿಲ್ಲ ಎಂದು ಅವರ ಕಾರ್ಯದರ್ಶಿ ಜಾನ್ ಹೇ ಆಮೇಲೆ ಹೇಳಿದ್ದಾರೆ. ಜಾನ್ ನಿಕೊಲೆ, ಜಾನ್ ಹೇ, ವಿಲಿಯಂ ಸ್ಟಾಡರ್ಡ್, ಈ ಮೂವರೇ ಮುಖ್ಯವಾಗಿ ಟಪಾಲು ನೋಡಿಕೊಳ್ಳುತ್ತಿದ್ದರು. ಮೂವರೂ ಚಿಕ್ಕ ವಯಸ್ಸಿನವರು. ಪತ್ರವನ್ನು ಮಡಿಸಿ, ಬೆನ್ನ ಮೇಲೆ ಯಾರದು, ಯಾವ ತಾರೀಖು, ಏನು ವಿಷಯ ಎಂದು ಒಂದೆರಡು ಸಾಲು ಬರೆಯುತ್ತಿದ್ದರು. ನೀವು ಓದುವಾಗ ಕೊನೆಯ ಪುಟವನ್ನು ಬಿಡಬೇಡಿ. ಕೆಲವೊಮ್ಮೆ ಆ ಬೆನ್ನ ಮೇಲೆಯೇ ಲಿಂಕನ್ ಕೈಬರಹ ಸಿಗುತ್ತದೆ.

ವಕೀಲರಾಗಿದ್ದಾಗ ಅವರು ಕಾಗದಗಳನ್ನು ಹೇಗೆ ಇಟ್ಟುಕೊಳ್ಳುತ್ತಿದ್ದರು?

ಟೋಪಿಯಲ್ಲಿ. ತಮಾಷೆ ಮಾಡುತ್ತಿಲ್ಲ. ಅವರ ಎತ್ತರದ ಟೋಪಿಯೇ ಅರ್ಧ ಆಫೀಸು. 1850ರಲ್ಲಿ ರಿಚರ್ಡ್ ಥಾಮಸ್ ಎಂಬ ವಕೀಲರಿಗೆ ಉತ್ತರ ಬರೆಯುವುದು ತಡವಾಯಿತು. ಲಿಂಕನ್ ಕೊಟ್ಟ ಕಾರಣ ಹೀಗಿದೆ: ನಿಮ್ಮ ಪತ್ರವನ್ನು ಹಳೇ ಟೋಪಿಯಲ್ಲಿಟ್ಟಿದ್ದೆ, ಮರುದಿನ ಹೊಸ ಟೋಪಿ ಕೊಂಡೆ, ಹಳೆಯದು ಮೂಲೆಗೆ ಹೋಯಿತು, ಪತ್ರವೂ ಅದರ ಜೊತೆ ಹೋಯಿತು.

ಸ್ಪ್ರಿಂಗ್‌ಫೀಲ್ಡ್‌ನ ಅವರ ಆಫೀಸಿನಲ್ಲಿ ಒಂದು ಕಾಗದದ ಕಟ್ಟಿತ್ತಂತೆ. ಬೇರೆಲ್ಲೂ ಸಿಗದಿದ್ದರೆ ಇದರಲ್ಲಿ ನೋಡಿ ಎಂದು ಅದರ ಮೇಲೆ ಬರೆದಿದ್ದರು ಎಂದು ಜೊತೆಗಾರ ವಕೀಲ ವಿಲಿಯಂ ಹರ್ನ್‌ಡನ್ ನೆನಪಿಸಿಕೊಂಡಿದ್ದಾರೆ. ಅಂಥದ್ದೊಂದು ಕಟ್ಟು ನಮ್ಮೆಲ್ಲರ ಮನೆಯಲ್ಲೂ ಇದೆ, ಅಲ್ವಾ? ನಾವು ಮೇಲೆ ಬರೆದಿರುವುದಿಲ್ಲ ಅಷ್ಟೇ.

ಲಿಂಕನ್ ಕೊಲೆಯಾದ ಮೇಲೆ ಕಾಗದಗಳು ಎಲ್ಲಿಗೆ ಹೋದವು?

ಇದು ದೊಡ್ಡ ಕಥೆ. 1865ರ ಏಪ್ರಿಲ್ 14ರ ರಾತ್ರಿ ಗುಂಡೇಟು ಬಿತ್ತು, ಮರುದಿನ ಬೆಳಿಗ್ಗೆ ಲಿಂಕನ್ ತೀರಿಕೊಂಡರು. ಮಗ ರಾಬರ್ಟ್‌ಗೆ ಆಗ 21 ವರ್ಷ. ಅವರು ತಂದೆಯ ಹಳೆಯ ಸ್ನೇಹಿತ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಡೇವಿಡ್ ಡೇವಿಸ್ ಅವರನ್ನು ಕರೆಸಿಕೊಂಡರು. ಕಾರ್ಯದರ್ಶಿಗಳು ಕಾಗದಗಳನ್ನು ಪೆಟ್ಟಿಗೆಗೆ ತುಂಬಿದರು. ಪೆಟ್ಟಿಗೆಗಳು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ಗೆ, ಡೇವಿಸ್ ಅವರ ಊರಿಗೆ ಹೋದವು.

1874ರಲ್ಲಿ ಅವು ವಾಷಿಂಗ್ಟನ್‌ಗೆ ವಾಪಸ್ ಬಂದವು. ನಿಕೊಲೆ ಮತ್ತು ಹೇ ಇಬ್ಬರೂ ಲಿಂಕನ್ ಜೀವನಚರಿತ್ರೆ ಬರೆಯಲು ಹೊರಟಿದ್ದರು. ರಾಬರ್ಟ್ ಕಾಗದಗಳನ್ನು ಅವರಿಗೆ ಬಿಟ್ಟುಕೊಟ್ಟರು, ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಬರೆದದ್ದನ್ನು ತಾವೇ ಮೊದಲು ಓದಿ, ಇಷ್ಟವಾಗದ ಕಡೆ ಗೀಟು ಹಾಕುತ್ತಿದ್ದರು. 1890ರಲ್ಲಿ 10 ಸಂಪುಟಗಳು ಹೊರಬಂದವು. ಅಂದರೆ ಲಿಂಕನ್ ಬಗ್ಗೆ ಜಗತ್ತು ಏನು ತಿಳಿಯಬೇಕು ಎಂಬುದು ಬಹಳ ವರ್ಷ ಈ ಮೂವರ ಕೈಯಲ್ಲೇ ಇತ್ತು.

ನಿಕೊಲೆ 1901ರಲ್ಲಿ ತೀರಿಕೊಂಡರು, ಕಾಗದಗಳು ಹೇ ಅವರ ಸುಪರ್ದಿಗೆ ಬಂದವು. ಹೇ 1905ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ರಾಬರ್ಟ್ ಶಿಕಾಗೋದಲ್ಲಿ ರೈಲು ಬೋಗಿ ಮಾಡುವ ಪುಲ್‌ಮನ್ ಕಂಪನಿಯ ಅಧ್ಯಕ್ಷರು. ಕಾಗದಗಳು ಅಲ್ಲಿಗೆ ಹೋದವು. ಕೊನೆಗೆ 1919ರಲ್ಲಿ ಅವನ್ನೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಇಟ್ಟರು. 1923ರ ಜನವರಿಯಲ್ಲಿ ದಾನಪತ್ರ ಬರೆದುಕೊಟ್ಟರು. ಷರತ್ತು ಒಂದೇ: ತಾನು ಸತ್ತು 21 ವರ್ಷ ಆಗುವವರೆಗೆ ಯಾರಿಗೂ ತೋರಿಸಬಾರದು.

21 ವರ್ಷ ಮುಚ್ಚಿಡುವಂಥದ್ದು ಏನಿತ್ತು?

ಪತ್ರಗಳಲ್ಲಿ ಎಷ್ಟೋ ಜನರ ಬಗ್ಗೆ ಖಾಸಗಿ ಮಾತುಗಳಿವೆ, ಅವರ ಮಕ್ಕಳು ಇನ್ನೂ ಬದುಕಿದ್ದಾರೆ ಎಂಬುದು ರಾಬರ್ಟ್ ಕೊಟ್ಟ ಕಾರಣ. ಜನ ಬಿಡುತ್ತಾರಾ? ಮುಚ್ಚಿದ ಪೆಟ್ಟಿಗೆ ಎಂದ ಮೇಲೆ ಕಥೆ ಹುಟ್ಟಲೇಬೇಕು. ಲಿಂಕನ್ ಕೊಲೆಯಲ್ಲಿ ಅವರದೇ ಮಂತ್ರಿಗಳ ಕೈವಾಡ ಇತ್ತು, ಅದರ ಸಾಕ್ಷಿ ಒಳಗಿದೆ ಎಂದು ಮಾತಾಡಿಕೊಂಡರು.

ರಾಬರ್ಟ್ ಸತ್ತದ್ದು 1926ರ ಜುಲೈ 26ರಂದು. ಹಾಗಾಗಿ 1947ರ ಜುಲೈ 26ರಂದು, ಮಧ್ಯರಾತ್ರಿ ಕಳೆದ ಕೂಡಲೇ ಬಾಗಿಲು ತೆಗೆದರು. ನಮ್ಮ ಮಧ್ಯರಾತ್ರಿಗೆ ಇನ್ನು 20 ದಿನ ಇತ್ತು. ಲಿಂಕನ್ ಬಗ್ಗೆ ಬರೆದಿದ್ದ ವಿದ್ವಾಂಸರು, ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಕೂಡ, ಲೈಬ್ರರಿಯಲ್ಲಿ ಕಾದು ಕೂತಿದ್ದರು. ಒಳಗೆ 194 ಸಂಪುಟ. ಕೊಲೆಯ ರಹಸ್ಯ? ಒಂದು ಸಾಲೂ ಇರಲಿಲ್ಲ. ಪತ್ರಿಕೆಯವರಿಗೆ ಸಪ್ಪೆ ಅನಿಸಿತು. ಇತಿಹಾಸಕಾರರಿಗೆ ಮಾತ್ರ ಹಬ್ಬ.

ರಾಬರ್ಟ್ ಎಷ್ಟೋ ಕಾಗದ ಸುಟ್ಟುಹಾಕಿದರಂತೆ, ನಿಜವಾ?

ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ನಿಕೊಲಸ್ ಮರ್ರೆ ಬಟ್ಲರ್ ಒಂದು ಕಥೆ ಹೇಳುತ್ತಿದ್ದರು. ವರ್ಮಾಂಟ್‌ನಲ್ಲಿ ರಾಬರ್ಟ್ ಮನೆಗೆ ಹೋದಾಗ ಅವರು ತಂದೆಯ ಕಾಗದಗಳನ್ನು ಬೆಂಕಿಗೆ ಹಾಕಲು ಹೊರಟಿದ್ದರಂತೆ, ಇವರು ತಡೆದರಂತೆ. ಇತಿಹಾಸಕಾರರು ಈ ಕಥೆಯನ್ನು ಹಾಗೇ ನುಂಗುವುದಿಲ್ಲ. 18,000ದಷ್ಟು ಕಾಗದಗಳನ್ನು ಅರ್ಧ ಶತಮಾನ ಜೋಪಾನ ಮಾಡಿದ್ದೂ ಇದೇ ಮನುಷ್ಯ ತಾನೇ? ಆದರೆ ಮನೆಯೊಳಗಿನ ಪತ್ರಗಳು, ಅದರಲ್ಲೂ ಗಂಡ ಹೆಂಡತಿ ಬರೆದುಕೊಂಡವು, ಬಹಳ ಕಮ್ಮಿ ಉಳಿದಿವೆ ಎಂಬುದಂತೂ ನಿಜ.

ದೇಶದ ಅಧ್ಯಕ್ಷರ ಕಾಗದ ಮಗನ ಆಸ್ತಿ ಆಗಿದ್ದು ಹೇಗೆ?

ಆಗ ಪದ್ಧತಿಯೇ ಹಾಗಿತ್ತು. ಅಧಿಕಾರ ಮುಗಿದ ಮೇಲೆ ಕಾಗದಗಳನ್ನು ಮನೆಗೆ ಒಯ್ಯುತ್ತಿದ್ದರು. ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ಶುರುವಾದದ್ದೇ 1934ರಲ್ಲಿ. ಅಧ್ಯಕ್ಷರ ದಾಖಲೆಗಳು ದೇಶದ ಆಸ್ತಿ ಎಂಬ ಕಾನೂನು ಬಂದದ್ದು 1978ರಲ್ಲಿ. ಅದಕ್ಕೇ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ರಿಂದ ಕ್ಯಾಲ್ವಿನ್ ಕೂಲಿಜ್‌ವರೆಗಿನ ಅಧ್ಯಕ್ಷರಲ್ಲಿ 23 ಜನರ ಕಾಗದಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ದಾನ, ಖರೀದಿ ಹೀಗೆ ಒಂದೊಂದು ಒಂದೊಂದು ದಾರಿಯಲ್ಲಿ ಬಂದು ಸೇರಿದವು.

ಲಿಂಕನ್ ಬರೆದು ಕಳಿಸದೇ ಬಿಟ್ಟ ಪತ್ರ ಇದೆ ಅಂತಾರೆ, ಅದೇನು?

ನನಗೆ ಬಹಳ ಇಷ್ಟದ ಕಾಗದ ಅದು. 1863ರ ಜುಲೈ 1ರಿಂದ 3ರವರೆಗೆ ಗೆಟ್ಟಿಸ್‌ಬರ್ಗ್‌ನಲ್ಲಿ ಯುದ್ಧ. ಉತ್ತರದ ಜನರಲ್ ಮೀಡ್ ಗೆದ್ದರು. ಆದರೆ ಸೋತ ದಕ್ಷಿಣದ ಜನರಲ್ ಲೀ ಅವರ ಸೈನ್ಯವನ್ನು ಬೆನ್ನಟ್ಟಿ ಮುಗಿಸಲಿಲ್ಲ. ಲೀ ಪೊಟೊಮ್ಯಾಕ್ ನದಿ ದಾಟಿ ತಪ್ಪಿಸಿಕೊಂಡರು. ಜುಲೈ 14ರಂದು ಲಿಂಕನ್ ಮೀಡ್‌ಗೆ ಪತ್ರ ಬರೆದರು. ಮೊದಲು ಥ್ಯಾಂಕ್ಸ್ ಹೇಳುತ್ತಾರೆ, ಆಮೇಲೆ ನಿಧಾನಕ್ಕೆ ಸಿಟ್ಟು ಏರುತ್ತದೆ. ನಿಮ್ಮ ಚಿನ್ನದಂಥ ಅವಕಾಶ ಹೋಯಿತು, ಅದರಿಂದ ನನಗಾದ ಸಂಕಟಕ್ಕೆ ಅಳತೆಯಿಲ್ಲ ಎನ್ನುತ್ತಾರೆ.

ಬರೆದು ಮುಗಿಸಿದ ಮೇಲೆ ಲಕೋಟೆಗೆ ಹಾಕಿದರು. ಅದರ ಮೇಲೆ "ಜನರಲ್ ಮೀಡ್‌ಗೆ, ಕಳಿಸಲೂ ಇಲ್ಲ, ಸಹಿಯೂ ಹಾಕಿಲ್ಲ" ಎಂದು ಬರೆದು ಎತ್ತಿಟ್ಟರು. ಕಳಿಸಿದ್ದರೆ ಅದು ಮೀಡ್ ಕೈ ಸೇರುತ್ತಿತ್ತು. ಕಳಿಸಲಿಲ್ಲವಾದ್ದರಿಂದ ಲಿಂಕನ್ ಪೆಟ್ಟಿಗೆಯಲ್ಲೇ ಉಳಿಯಿತು.

ಇದರ ಜೊತೆಗೇ ನೋಡಬೇಕಾದದ್ದು 1864ರ ಆಗಸ್ಟ್ 23ರ ಚೀಟಿ. ಆ ವರ್ಷದ ಚುನಾವಣೆಯಲ್ಲಿ ಸೋಲು ಗ್ಯಾರಂಟಿ ಎಂದು ಲಿಂಕನ್‌ಗೆ ಅನಿಸಿತ್ತು. ಸೋತರೆ ಹೊಸ ಅಧ್ಯಕ್ಷರು ಬರುವ ಮುಂಚೆ ಅವರ ಜೊತೆ ಸೇರಿ ದೇಶ ಉಳಿಸಬೇಕು ಎಂದು ನಾಲ್ಕು ಸಾಲು ಬರೆದರು. ಕಾಗದ ಮಡಿಸಿ ಅಂಟಿಸಿ, ಒಳಗೆ ಏನಿದೆ ಎಂದು ಹೇಳದೆ ಮಂತ್ರಿಗಳ ಹತ್ತಿರ ಬೆನ್ನ ಮೇಲೆ ಸಹಿ ಹಾಕಿಸಿದರು. ಎಲ್ಲರೂ ಹಾಕಿದರು! ನವೆಂಬರ್‌ನಲ್ಲಿ ಲಿಂಕನ್ ಗೆದ್ದರು. 11ನೇ ತಾರೀಖು ಸಂಪುಟ ಸಭೆಯಲ್ಲಿ ಆ ಚೀಟಿ ಬಿಡಿಸಿ ಓದಿ ಹೇಳಿದರು.

ಗೆಟ್ಟಿಸ್‌ಬರ್ಗ್ ಭಾಷಣದ ಮೂಲ ಪ್ರತಿ ಯಾವುದು?

ಜನರಿಂದ, ಜನರಿಗಾಗಿ, ಜನರದೇ ಸರ್ಕಾರ ಎಂಬ ಮಾತು ಬರುವ ಭಾಷಣ ಇದು. ಲಿಂಕನ್ ಕೈಬರಹದ 5 ಪ್ರತಿಗಳಿವೆ. ಎರಡು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ, ನಿಕೊಲೆ ಮತ್ತು ಹೇ ಹೆಸರಿನವು. ಒಂದು ಸ್ಪ್ರಿಂಗ್‌ಫೀಲ್ಡ್‌ನ ಲಿಂಕನ್ ಲೈಬ್ರರಿಯಲ್ಲಿ, ಒಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ಶ್ವೇತಭವನದಲ್ಲಿ. ಐದರಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇದೆ. 1863ರ ನವೆಂಬರ್ 19ರಂದು ಅವರು ಯಾವುದನ್ನು ಕೈಯಲ್ಲಿ ಹಿಡಿದಿದ್ದರು ಎಂಬ ಜಗಳ ಇನ್ನೂ ಮುಗಿದಿಲ್ಲ.

ರೈಲಿನಲ್ಲಿ ಲಕೋಟೆಯ ಹಿಂದೆ ಗೀಚಿದರು ಎಂಬ ಕಥೆ ಸುಳ್ಳು. ನಿಕೊಲೆ ಪ್ರತಿಯ ಮೊದಲ ಹಾಳೆ ಅಧ್ಯಕ್ಷರ ಕಚೇರಿಯ ಹೆಸರು ಅಚ್ಚಾದ ಕಾಗದ, ಶಾಯಿಯಲ್ಲಿ ಬರೆದದ್ದು. ಎರಡನೆಯದು ಪೆನ್ಸಿಲ್ ಬರಹ.

ಗುಲಾಮರ ವಿಮೋಚನಾ ಘೋಷಣೆಯೂ ಇಲ್ಲೇ ಇದೆಯಾ?

ಮೊದಲ ಕರಡು ಇದೆ. 1862ರ ಜುಲೈ 22ರಂದು ಸಂಪುಟದ ಮುಂದೆ ಓದಿದ್ದು ಅದನ್ನೇ. ಯುದ್ಧದಲ್ಲಿ ಒಂದು ಗೆಲುವು ಬರಲಿ, ಆಮೇಲೆ ಹೊರಡಿಸಿ ಎಂದು ವಿದೇಶಾಂಗ ಮಂತ್ರಿ ಸೀವರ್ಡ್ ಹೇಳಿದರು. ಸೆಪ್ಟೆಂಬರ್ 22ರಂದು ಮುನ್ಸೂಚನೆಯ ಘೋಷಣೆ ಹೊರಟಿತು. ಆ ಕೈಬರಹ ಆಲ್ಬನಿಯಲ್ಲಿದೆ, ನ್ಯೂಯಾರ್ಕ್ ರಾಜ್ಯದ ಲೈಬ್ರರಿಯಲ್ಲಿ. 1863ರ ಜನವರಿ 1ರ ಕೊನೆಯ ಘೋಷಣೆಯ ಕೈಬರಹವನ್ನು ಸೈನಿಕರ ಸಹಾಯಕ್ಕಾಗಿ ಶಿಕಾಗೋದಲ್ಲಿ ನಡೆದ ಮೇಳಕ್ಕೆ ಲಿಂಕನ್ ದಾನ ಕೊಟ್ಟುಬಿಟ್ಟರು. 1871ರಲ್ಲಿ ಶಿಕಾಗೋಗೆ ಬೆಂಕಿ ಬಿದ್ದಾಗ ಅದು ಸುಟ್ಟುಹೋಯಿತು. ಸರ್ಕಾರಿ ಪ್ರತಿ ಮಾತ್ರ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ.

ಗಡ್ಡ ಬಿಡಿ ಎಂದು ಹುಡುಗಿ ಬರೆದ ಪತ್ರ ಎಲ್ಲಿದೆ?

ಡೆಟ್ರಾಯ್ಟ್ ಪಬ್ಲಿಕ್ ಲೈಬ್ರರಿಯಲ್ಲಿ. 1860ರ ಅಕ್ಟೋಬರ್‌ನಲ್ಲಿ ವೆಸ್ಟ್‌ಫೀಲ್ಡ್ ಎಂಬ ಊರಿನಿಂದ 11 ವರ್ಷದ ಗ್ರೇಸ್ ಬೆಡೆಲ್ ಬರೆದಳು: ನಿಮ್ಮ ಮುಖ ತುಂಬಾ ತೆಳು, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ. ಲಿಂಕನ್ ನಾಲ್ಕೇ ದಿನಕ್ಕೆ ಉತ್ತರ ಬರೆದರು. ಈಗ ಹೊಸದಾಗಿ ಗಡ್ಡ ಬಿಟ್ಟರೆ ಜನ ನಗುವುದಿಲ್ಲವಾ ಎಂದು ಕೇಳಿದರು. ಆದರೂ ಬಿಟ್ಟರು!

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗ್ರೇಸ್ 1864ರಲ್ಲಿ ಮತ್ತೆ ಬರೆದಿದ್ದಳು. ಅಪ್ಪನ ಹಣ ಕೈಬಿಟ್ಟಿದೆ, ಖಜಾನೆ ಇಲಾಖೆಯಲ್ಲಿ ಒಂದು ಕೆಲಸ ಕೊಡಿಸಿ ಎಂದು. ಆ ಪತ್ರ ಇಲಾಖೆಯ ಕಡತದಲ್ಲಿ ಸಿಕ್ಕಿಕೊಂಡು, 2007ರಲ್ಲಿ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹೊರಬಂತು.

ನಕಲಿ ಪತ್ರಗಳೂ ಇವೆಯಾ?

ಹೊರಗೆ ಬೇಕಾದಷ್ಟು. ಜೋಸೆಫ್ ಕೋಸಿ ಎಂಬಾತ ಕಳೆದ ಶತಮಾನದಲ್ಲಿ ಲಿಂಕನ್ ಅಕ್ಷರ ಬರೆದೇ ಹೊಟ್ಟೆ ಹೊರೆದ. 1928ರಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆ ಲಿಂಕನ್ ಮತ್ತು ಆನ್ ರಟ್ಲೆಜ್ ಎಂಬ ಹುಡುಗಿಯ ಪ್ರೇಮಪತ್ರಗಳನ್ನು ಅಚ್ಚು ಹಾಕಿ, ಅವು ನಕಲಿ ಎಂದಾಗ ಮುಜುಗರಕ್ಕೀಡಾಯಿತು. ಅಸಲಿ ಕಾಗದಕ್ಕೂ ಕೈ ಹಾಕಿದ್ದುಂಟು. ಒಬ್ಬ ಸೈನಿಕನಿಗೆ ಲಿಂಕನ್ ಕ್ಷಮೆ ನೀಡಿದ ಕಾಗದದಲ್ಲಿ 1864 ಎಂಬುದನ್ನು 1865 ಎಂದು ತಿದ್ದಲಾಗಿದೆ ಎಂದು ನ್ಯಾಷನಲ್ ಆರ್ಕೈವ್ಸ್ 2011ರಲ್ಲಿ ಹೇಳಿತು. ಒಂದು ಅಂಕಿ ಬದಲಾದರೆ ಅದು ಕೊಲೆಯಾದ ದಿನ ಹಾಕಿದ ಸಹಿ ಆಗಿಬಿಡುತ್ತದೆ, ನೋಡಿ.

ಸಾಯುವ ರಾತ್ರಿ ಜೇಬಿನಲ್ಲಿದ್ದ ವಸ್ತುಗಳೂ ಲೈಬ್ರರಿಯಲ್ಲಿವೆಯಂತೆ?

ಹೌದು. ಎರಡು ಕನ್ನಡಕ, ಒಂದು ಚಾಕು, ಕರವಸ್ತ್ರ, ಪರ್ಸು. ಪರ್ಸಿನಲ್ಲಿ ಶತ್ರುಪಕ್ಷದ 5 ಡಾಲರ್ ನೋಟು ಮತ್ತು ಪತ್ರಿಕೆಯ ತುಣುಕುಗಳು. ಮೊಮ್ಮಗಳು 1937ರಲ್ಲಿ ಕೊಟ್ಟರು. 1976ರವರೆಗೆ ಯಾರಿಗೂ ತೋರಿಸಿರಲಿಲ್ಲ.

ಭಾರತದಿಂದ ನೋಡಲು ದುಡ್ಡು ಕೊಡಬೇಕಾ? ಕೈಬರಹ ಅರ್ಥವಾಗುತ್ತದಾ?

ದುಡ್ಡಿಲ್ಲ, ಲಾಗಿನ್ ಕೂಡ ಬೇಡ. ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಲಿಂಕನ್ ಸಂಗ್ರಹ ಎಂದು ಹುಡುಕಿ, ಬೇಕಾದದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಮೊಬೈಲ್‌ನಲ್ಲಿ ಕಣ್ಣು ನೋಯುತ್ತದೆ, ಕಂಪ್ಯೂಟರ್ ವಾಸಿ.

ಲಿಂಕನ್ ಅಕ್ಷರ ಬಿಡಿಬಿಡಿ, ಓದುವುದು ಕಷ್ಟವಲ್ಲ. ಬೇರೆಯವರದ್ದು ಕೆಲವು ಬ್ರಹ್ಮಲಿಪಿ. ಇಲಿನಾಯ್‌ನ ನಾಕ್ಸ್ ಕಾಲೇಜಿನವರು ಸಾವಿರಾರು ಪತ್ರಗಳನ್ನು ಬಿಡಿಸಿ ಟೈಪ್ ಮಾಡಿದ್ದಾರೆ, ಟಿಪ್ಪಣಿಯನ್ನೂ ಬರೆದಿದ್ದಾರೆ. 2018ರ ಅಕ್ಟೋಬರ್‌ನಲ್ಲಿ ಲೈಬ್ರರಿ "ಬೈ ದ ಪೀಪಲ್" ಎಂಬ ಯೋಜನೆ ಶುರು ಮಾಡಿ, ಲಿಂಕನ್‌ಗೆ ಬಂದ ಪತ್ರಗಳನ್ನು ಸಾಮಾನ್ಯ ಜನರ ಕೈಯಲ್ಲೇ ಟೈಪ್ ಮಾಡಿಸಿತು. ಹೆಸರು ಕೇಳಿದ ಕೂಡಲೇ ಗೆಟ್ಟಿಸ್‌ಬರ್ಗ್ ಭಾಷಣ ನೆನಪಾಗುತ್ತದೆ, ಅಲ್ವಾ? ಟೈಪ್ ಆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಹತ್ತು ಪತ್ರ ಓದಿ, ಕಣ್ಣು ಪಳಗುತ್ತದೆ.

ಒಂದೇ ಒಂದು ಪತ್ರ ಓದುವಷ್ಟು ಪುರುಸೊತ್ತಿದೆ. ಯಾವುದು ಓದಲಿ?

ನಾನು ಹೇಳುವ ಪತ್ರ ಈ ಸಂಗ್ರಹದಲ್ಲೇ ಇಲ್ಲ! ಲಿಂಕನ್‌ಗೆ ಬಂದ ಎಷ್ಟೋ ಪತ್ರಗಳನ್ನು ಕಾರ್ಯದರ್ಶಿಗಳು ಆಯಾ ಇಲಾಖೆಗೆ ದಾಟಿಸುತ್ತಿದ್ದರು. ಅಂಥವು ಇಲಾಖೆಯ ಕಡತಗಳ ಜೊತೆ ನ್ಯಾಷನಲ್ ಆರ್ಕೈವ್ಸ್ ಸೇರಿದವು. ಅದರಲ್ಲಿ ಒಂದು, ಮೇರಿಲ್ಯಾಂಡ್ ರಾಜ್ಯದ ಬೆಲ್ ಏರ್‌ನಿಂದ ಆನಿ ಡೇವಿಸ್ ಎಂಬ ಗುಲಾಮ ಹೆಣ್ಣುಮಗಳು 1864ರ ಆಗಸ್ಟ್ 25ರಂದು ಬರೆದದ್ದು. ಇದ್ದದ್ದೇ ಕೆಲವು ಸಾಲು. ನನಗೆ ಬಿಡುಗಡೆ ಬೇಕು, ಪೂರ್ವ ತೀರದಲ್ಲಿರುವ ನನ್ನವರನ್ನು ನೋಡಲು ಹೋಗಬೇಕು, ಯಜಮಾನಿ ಬಿಡುತ್ತಿಲ್ಲ, ನಾವು ಸ್ವತಂತ್ರರೋ ಅಲ್ಲವೋ, ನಾನೇನು ಮಾಡಬಹುದು, ದಯವಿಟ್ಟು ತಿಳಿಸಿ ಎಂದು ಕೇಳುತ್ತಾರೆ.

ವಿಮೋಚನಾ ಘೋಷಣೆ ಹೊರಬಿದ್ದು ಆಗಲೇ ಒಂದೂವರೆ ವರ್ಷ ಆಗಿತ್ತು. ಆದರೆ ಅದು ಒಕ್ಕೂಟದ ವಿರುದ್ಧ ದಂಗೆ ಎದ್ದ ಕಡೆಗೆ ಮಾತ್ರ ಅನ್ವಯ. ಮೇರಿಲ್ಯಾಂಡ್ ದಂಗೆ ಎದ್ದಿರಲಿಲ್ಲ. ಹಾಗಾಗಿ ಆನಿ ಡೇವಿಸ್ ಆ ದಿನ ಕಾನೂನಿನ ಪ್ರಕಾರ ಗುಲಾಮರೇ. ಮೇರಿಲ್ಯಾಂಡ್ ತನ್ನದೇ ಹೊಸ ಸಂವಿಧಾನ ಬರೆದು ಗುಲಾಮಗಿರಿ ತೆಗೆದದ್ದು ಆ ವರ್ಷದ ನವೆಂಬರ್ 1ಕ್ಕೆ, ಆಕೆ ಪತ್ರ ಬರೆದ ಎರಡು ತಿಂಗಳ ಮೇಲೆ.